ದುದುಕ್‌ಗೆ ಶ್ರುತಿ ಹಿಡಿದ ಅಕ್ಕ

ನಾನು ಚಿಕ್ಕವನಿದ್ದಾಗ (ಹೌದು ಮಕ್ಕಳೇ, ಅಜ್ಜನೂ ಒಮ್ಮೆ ಚಿಕ್ಕವನೇ, ನಗಬೇಡಿ) ನಮ್ಮ ಮನೆ ಕ್ಲಾಂಗ್ ಬಂದರಿನ ಹತ್ತಿರವಿತ್ತು. ಅಪ್ಪ ಉಡುಪಿಯಿಂದ ಕಡಲು ದಾಟಿ ಬಂದ ಡಾಕ್ಟರು. ಸಂಜೆಯಾದರೆ ಹಡಗಿನ ಎಣ್ಣೆಯ ವಾಸನೆ, ಒಣಮೀನಿನ ವಾಸನೆ, ಅವುಗಳ ಜೊತೆ ಪಕ್ಕದ ಮನೆಯ ಸಂಗೀತ ಗಾಳಿಯಲ್ಲಿ ಬರುತ್ತಿತ್ತು.

ಅಲ್ಲಿ ಆರ್ಮೇನಿಯಾ ದೇಶದ ಇಬ್ಬರು ಮುದುಕರಿದ್ದರು, ಅಣ್ಣ ತಮ್ಮ. ಇಬ್ಬರ ಕೈಯಲ್ಲೂ ದುದುಕ್. ಏಪ್ರಿಕಾಟ್ ಮರದಲ್ಲಿ ಮಾಡಿದ, ನಮ್ಮ ಶಹನಾಯಿಗಿಂತ ಮೆತ್ತಗಿನ ದನಿಯ ವಾದ್ಯ ಅದು. ತಮ್ಮನಾದವರು ಅವರ ಊರಿನ ಹಾಡು ನುಡಿಸುತ್ತಿದ್ದರು. ಅಣ್ಣ ಕೆನ್ನೆ ಉಬ್ಬಿಸಿಕೊಂಡು, ಉಸಿರು ಕಡಿಯದಂತೆ, ಒಂದೇ ಸ್ವರ ಹಿಡಿದು ಕೂರುತ್ತಿದ್ದರು. "ಪಾಪ, ಅಣ್ಣ ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಆ ಅಣ್ಣ ತೀರಿಕೊಂಡರು. ಪಕ್ಕದ ಮನೆ ಮೌನವಾಯಿತು. ಅವರಲ್ಲಿ ಸತ್ತವರನ್ನು ನೆನೆಯುವ ಒಂದು ದಿನವಿದೆ. ಆ ದಿನ ಬೆಳಿಗ್ಗೆ ತಮ್ಮ ನಮ್ಮನ್ನು ಊಟಕ್ಕೆ ಕರೆಯಲು ಬಂದರು.

"ಇವತ್ತು ಅಣ್ಣನಿಗಾಗಿ ನುಡಿಸ್ತೀರಲ್ಲ?" ಎಂದು ಅಪ್ಪ ಕೇಳಿದರು.

"ಹೇಗೆ ನುಡಿಸಲಿ, ಡಾಕ್ಟರ್? ಆ ಒಂದು ಸ್ವರ ಇಲ್ಲದೆ ಹಾಡಿಗೆ ನಿಲ್ಲಲು ನೆಲವೇ ಇಲ್ಲ" ಎಂದು ಅವರು ಅತ್ತೇಬಿಟ್ಟರು.

ಸಂಗೀತ ಕಲಿಯುತ್ತಿದ್ದ ಅಕ್ಕ ಸೀದಾ ದೇವರ ಕೋಣೆಗೆ ಹೋಗಿ ತನ್ನ ಶ್ರುತಿಪೆಟ್ಟಿಗೆ ತಂದಳು. ಅಪ್ಪ ಗಾಬರಿಯಾದರು. "ಎಂತ ಮಾರಾಯ್ತಿ, ಸಾವಿನ ಮನೆಗೆ ಅದನ್ನು ತೆಗೊಂಡು ಹೋಗ್ಲಿಕ್ಕುಂಟಾ? ಸರಸ್ವತಿ ಅಲ್ವಾ!"

"ಅಪ್ಪ, ಇದು ನಿಂತ್ರೆ ನಂಗೂ ಹಾಡ್ಲಿಕ್ಕೆ ಆಗೂದಿಲ್ಲ. ಅವರಿಗೂ ಹಾಗೇ."

ಅಪ್ಪ ದೇವರ ಕೋಣೆಯ ಕಡೆ ಒಮ್ಮೆ ಕೈ ಮುಗಿದರು. ಆಮೇಲೆ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು.

ಅಬ್ಬಾ, ಆ ಮಧ್ಯಾಹ್ನ! ಮೇಣದಬತ್ತಿಯ ಬಿಸಿ, ಬೆಣ್ಣೆ ಹಾಕಿದ ಅನ್ನದ ಘಮ. ಅಕ್ಕ ತಿದಿ ಒತ್ತಿದಳು. ಮೊದಲು ಸ್ವರ ಕೂಡಲಿಲ್ಲ. ಇನ್ನೊಂದು ಸ್ವರ ತೆರೆದು ನೋಡಿದಳು, ಕೂಡಿತು. ಮುದುಕರು ಕಣ್ಣು ಮುಚ್ಚಿ ನುಡಿಸತೊಡಗಿದರು. ಒಂದು ಹಾಡು ಮುಗಿದರೆ ಮತ್ತೊಂದು. ಅಕ್ಕ ಕೈ ನಿಲ್ಲಿಸಲೇ ಇಲ್ಲ. ನನಗೆ ಸುಮ್ಮಸುಮ್ಮನೆ ಅಳು ಬಂತು.

ಈಗ ನೀವು ಮಾಂಟ್ ಕಿಯಾರಾದ ಫ್ಲ್ಯಾಟಿನಲ್ಲಿ ಕೂತು, ದುದುಕ್‌ಗೆ ಡ್ರಮ್ಸು, ಗಿಟಾರು ಸೇರಿಸಿದ ಹೊಸ ಆರ್ಮೇನಿಯನ್ ಹಾಡು ಹಾಕಿ, "ಅಜ್ಜ, ಕೂಲ್ ಲಾ!" ಎಂದು ಇಲ್ಲಿಯವರ ಹಾಗೇ ಅನ್ನುತ್ತೀರಿ. ನನಗೂ ಇಷ್ಟವೇ, ಕಾಲು ತಾನಾಗಿ ತಾಳ ಹಾಕುತ್ತದೆ. ಶ್ರುತಿ ಬೇಕೆಂದರೆ ನಿಮ್ಮ ಫೋನು ದಿನವಿಡೀ ಹಿಡಿಯುತ್ತದೆ, ಅದಕ್ಕೆ ನೋವಿಲ್ಲ. ಅಕ್ಕನಿಗೆ ಮಾತ್ರ ಅಂದು ಊಟಕ್ಕೆ ಕೂತಾಗ ಕೈ ಎತ್ತಲೂ ಆಗಲಿಲ್ಲ. ಅಪ್ಪ ಅವಳ ತಟ್ಟೆ ಎಳೆದುಕೊಂಡು, ಅನ್ನ ಕಲಸಿ, ತುತ್ತು ಮಾಡಿ ತಿನ್ನಿಸಿದರು.