ಸೆರಗಿಗೆ ಕಟ್ಟಿಕೊಂಡ ಕಡುಬು

ಪಕ್ಕದ ಮನೆಯ ಹೇವನ್ ನನ್ನ ಜೊತೆ ಯೇರ್ಕಾಡಿನ ಬೆಟ್ಟಕ್ಕೆ ಬಂದದ್ದು ಎರಡು ದಿನ ಆರಾಮಾಗಿರಲೆಂದು. ಅವಳ ಗಂಡನಿಗೆ ಶ್ರೀಪೆರಂಬುದೂರಿನ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರ್ಧಕ್ಕರ್ಧ ಅವರ ಕೊರಿಯಾದವರೇ. ನಾಲ್ಕು ವರ್ಷದಲ್ಲಿ ತರಕಾರಿಯವನ ಹತ್ತಿರ ಜಗಳವಾಡುವಷ್ಟು ತಮಿಳು ಕಲಿತಿದ್ದಳು. ಆದರೆ ಎಂಟು ತಿಂಗಳಿಗೇ ಹುಟ್ಟಿದ ಮಗ ಉಜಿನ್‌ನನ್ನು ಮಾತ್ರ ಬೇರೆಯವರ ಕೈಗೆ ಕೊಟ್ಟವಳಲ್ಲ. ನಾನು ಅವಳನ್ನು ಅನ್ನುವ ಹಾಗಿರಲಿಲ್ಲ. ನನ್ನ ಮಗಳಿಗೆ ಎರಡು ತುಂಬಿದರೂ, ಮಲಗಿದವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತೇನೆ.

ಎರಡನೆಯ ದಿನ ಬೆಳಿಗ್ಗೆ ಅವಳ ಅತ್ತೆಯ ಫೋನು ಬಂತು. ಮಗುವಿಗೆ ನೂರು ದಿನ ತುಂಬುವುದು ಇವತ್ತೇ. ಮಗು ಹುಟ್ಟಿದ ದಿನವನ್ನು ಬಿಟ್ಟು ಎಣಿಸಿದ ಹೇವನ್, ನಾಳೆ ಊರು ಸೇರಿದ ಮೇಲೆ ಎಂದುಕೊಂಡಿದ್ದಳು. ಅವರಲ್ಲಿ ಹುಟ್ಟಿದ ದಿನವೇ ಮೊದಲ ದಿನ. ನೂರನೆಯ ದಿನ ಅಕ್ಕಿಯ ಕಡುಬು ಹಂಚಿ ನೂರು ಜನ ತಿಂದರೆ ಮಗುವಿಗೆ ಆಯುಸ್ಸು.

"ಊರಲ್ಲಿದ್ದಿದ್ರೆ ನಮ್ಮ ಒಂದು ಬ್ಲಾಕಲ್ಲೇ ನೂರು ಜನ ಆಗ್ತಿದ್ರು ಅಕ್ಕ. ಮೊದಲೇ ಎಂಟು ತಿಂಗಳಿಗೆ ಹುಟ್ಟಿದ್ದು, ಇದಕ್ಕೇ ಹೀಗೆ ಮಾಡ್ಕೊಂಡೆನಲ್ಲ," ಎಂದು ಹೇವನ್ ಕೂತುಬಿಟ್ಟಳು.

ವಸತಿಮನೆ ನೋಡಿಕೊಳ್ಳುವ ಪೂಂಗೊಡಿ ಕೇಳಿ ನಕ್ಕಳು. "ನೂರು ಜನಾನಾ? ಇಲ್ಲಿ ನನ್ನ ಗಂಡನ್ನ ಮನುಷ್ಯ ಅಂತ ಲೆಕ್ಕಕ್ಕೆ ಹಿಡಿದ್ರೂ ಏಳೇ ಆಗೋದು. ತೋಟದಲ್ಲಿ ಕಾಫಿ ಹಣ್ಣು ಕೀಳೋರು ಅರವತ್ತು ಜನ ಇದಾರೆ, ಮಧ್ಯಾಹ್ನ ಊಟಕ್ಕೆ ಕೂರ್ತಾರೆ. ನಡೀರಿ, ಅಕ್ಕಿ ನೆನೆಹಾಕ್ತೀನಿ."

"ಅರವತ್ತಾದ್ರೂ ಆಗ್ಲಿ," ಎಂದಳು ಹೇವನ್.

ಪೂಂಗೊಡಿಯ ಇಡ್ಲಿ ಪಾತ್ರೆಯಲ್ಲೇ ಬೆಂದ ಬಿಳೀ ಕಡುಬನ್ನು ತುಂಡು ಮಾಡಿ ಹೊತ್ತುಕೊಂಡು ಹೋದೆವು. ಮಗು ಹೇವನ್‌ಳ ಎದೆಗೆ ಬಿಗಿದಿತ್ತು. ಹೆಂಗಸರು ಮರದಡಿ ಬುತ್ತಿ ಬಿಚ್ಚುತ್ತಿದ್ದರು.

"ಇದೇನಮ್ಮ, ಚಟ್ನಿ ಮನೇಲೇ ಮರೆತು ಬಂದ್ಯಾ?" ಎಂದಳು ಒಬ್ಬಳು. ಸಾಲಿಗೆ ಸಾಲೇ ನಕ್ಕಿತು. ಸೆಲ್ಲಾಯಿ ಎಂಬ ಮುದುಕಿ ಮಗುವಿನ ಗಲ್ಲಕ್ಕೆ ಕೈ ಚಾಚಿದಾಗ ಹೇವನ್ ಹಿಂದೆ ಸರಿದಳು.

ಎಲ್ಲರೂ ಕಡುಬನ್ನು ಎರಡು ಕೈಯೊಡ್ಡಿ ತೆಗೆದುಕೊಂಡರು. ಸೆರಗಿನ ತುದಿಗೆ ಇಟ್ಟು ಗಂಟು ಹಾಕಿಕೊಂಡರು. ತಮ್ಮ ಬುತ್ತಿ ಉಣ್ಣತೊಡಗಿದರು.

ಹೇವನ್‌ಳ ಕಣ್ಣು ತುಂಬಿತು. "ಅಕ್ಕ, ಒಬ್ರೂ ತಿನ್ನಲಿಲ್ಲ. ಬೇಡ ಅನ್ನೋಕಾಗದೆ ಇಸ್ಕೊಂಡಿದಾರೆ."

ಪೂಂಗೊಡಿ ಸುಮ್ಮನಿರುವವಳಲ್ಲ. "ಏನಜ್ಜೀ, ಆ ತಾಯಿ ಅಳ್ತಿದಾಳೆ. ಅವಳ ಮುಂದೆ ಒಂದು ಚೂರು ಬಾಯಿಗೆ ಹಾಕ್ಕೋಬಾರ್ದಾ?"

"ಮಗುವಿನ ಹೆಸರಲ್ಲಿ ಕೊಟ್ಟಿದ್ದನ್ನ ನಾನೊಬ್ಳೇ ತಿಂದ್ರೆ ಗಂಟಲಲ್ಲಿ ಇಳಿಯತ್ತೇನೇ?" ಎಂದಳು ಸೆಲ್ಲಾಯಿ. "ಮನೇಲಿ ಮೂರು ಮೊಮ್ಮಕ್ಕಳಿವೆ. ಮಗ, ಸೊಸೆ. ಚೂರು ಚೂರು ಎಲ್ಲರ ಬಾಯಿಗೂ ಬೀಳಬೇಕು."

ಹೇವನ್ ಅವಳ ಸೆರಗಿನ ಗಂಟನ್ನೇ ನೋಡಿದಳು. ಆಮೇಲೆ ಉಳಿದ ಗಂಟುಗಳನ್ನು. "ಎಲ್ಲಾ ಮನೇಲೂ ಅಷ್ಟಷ್ಟು ಜನಾನಾ?"

"ಪಕ್ಕದ ಮನೆ ಪಿಳ್ಳೆಗಳು ಬೇರೆ ಕೈಯೊಡ್ತಾವೆ. ಅದಕ್ಕೆಲ್ಲ ಯಾರು ಲೆಕ್ಕ ಇಡ್ತಾರೆ, ನನ್ನ ಕಣ್ಣೇ?"

ಹೇವನ್ ಎದೆಯ ಬಟ್ಟೆ ಸಡಿಲಿಸಿ ಉಜಿನ್‌ನನ್ನು ತಾನಾಗಿ ಮುದುಕಿಯ ಮಡಿಲಿಗೆ ಇಟ್ಟಳು. ಮುದುಕಿಯ ಕೈಗೆ ಕಾಫಿ ಹಣ್ಣಿನ ಅಂಟು ಮೆತ್ತಿತ್ತು. ಒರೆಸಲೆಂದು ತೆಗೆದ ಕರವಸ್ತ್ರವನ್ನು ನಾನು ಮತ್ತೆ ಒಳಗಿಟ್ಟೆ. ಮಗು ಮಡಿಲಿಂದ ಮಡಿಲಿಗೆ ಸಾಲಿನುದ್ದಕ್ಕೂ ಸಾಗಿತು.

ಯಾರೋ ಎಲೆಯ ಮೇಲೆ ಹುಣಸೆ ಹುಳಿಯ ಅನ್ನವನ್ನು ಹಾಕಿ ಹೇವನ್‌ಳ ಮುಂದಿಟ್ಟರು. ಅವಳು ಕಾಲು ಚಾಚಿ ಕೂತು ಕೈಯಲ್ಲೇ ಕಲಸಿ ಉಂಡಳು. ಮೊದಮೊದಲು ತುತ್ತಿಗೊಮ್ಮೆ ತಲೆಯೆತ್ತಿ, ಮಗು ಯಾರ ಹತ್ತಿರವಿದೆ ಎಂದು ನೋಡುತ್ತಿದ್ದಳು. ಆಮೇಲೆ ಎಲೆ ಬರಿದಾಗುವ ತನಕ ನೋಡಲಿಲ್ಲ.