ಜಪದ ಮಣೆ ಯಾವ ಮರದ್ದು

ಎಲೆ, ಹೂವು, ತೊಗಟೆ ಯಾವುದೂ ಇಲ್ಲದ ಒಣ ಹಲಗೆಯೊಂದನ್ನು ಕೊಟ್ಟರೆ, ಅದು ಹಲಸೋ, ಅದರ ಹತ್ತಿರದ ಕಾಡುಜಾತಿಯಾದ ಹೆಬ್ಬಲಸೋ ಎಂದು ಅದರ ಡಿಎನ್‌ಎಯಿಂದಲೇ ಹೇಳಬೇಕು. ಎರಡು ಸಾವಿರದ ದಶಕದಲ್ಲಿ ನನ್ನ ಸೊಸೆ ಕೈಗೊಂಡಿದ್ದ ಸಂಶೋಧನೆ ಇದು. ಜೀವಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಕ್ಕೂ ತನ್ನದೇ ಡಿಎನ್‌ಎ ಉಂಟಂತೆ. ಅವಳು ಅದನ್ನೇ ಆಧಾರವಾಗಿ ಹಿಡಿದಿದ್ದಳು. ಮರಗಳಲ್ಲಿ ಅದರ ರಾಸಾಯನಿಕ ಅಕ್ಷರಗಳು ಬದಲಾಗುವುದು ಬಲು ನಿಧಾನ, ಹತ್ತಿರದ ಎರಡು ಜಾತಿಗಳನ್ನು ಅದು ಬೇರ್ಪಡಿಸಲಾರದು ಎಂಬುದು ಅವಳ ಮಾರ್ಗದರ್ಶಕರ ಸಂಶಯ.

ಒಂದು ಸಂಜೆ ಜಯನಗರದ ನಮ್ಮ ಮನೆಯಲ್ಲಿ, ನನ್ನ ಸಂಧ್ಯಾವಂದನೆ ಮುಗಿದ ಮೇಲೆ, ಅವಳು ವಿವರಿಸಿದಳು. “ಅಕ್ಷರ ಹೆಚ್ಚುಕಮ್ಮಿ ಅವೇ ಮಾವ. ಆದ್ರೆ ತುಣುಕುಗಳನ್ನ ಜೋಡಿಸಿರೋ ಕ್ರಮ ಬೇರೆ ಬೇರೆ. ಆ ಜೋಡಣೆಯಿಂದಾನೇ ಗುರುತು ಹಿಡೀತೀನಿ.”

ಬಾಲ್ಯದಲ್ಲಿ ಗುರುಗಳ ಮುಂದೆ ಕುಳಿತು ವೇದದ ಕ್ರಮ, ಜಟೆ, ಘನ ಪಾಠಗಳನ್ನು ಕಲಿತವನು ನಾನು. ಅಲ್ಲಿ ಒಂದಕ್ಷರವೂ ಬದಲಾಗಕೂಡದು; ಪದಗಳು ಅವೇ ಆದರೂ ಜೋಡಣೆಯನ್ನು ಕೇಳಿದೊಡನೆ ಇದು ಇಂಥ ಪಾಠವೆಂದು ತಿಳಿಯುತ್ತದೆ. ಅವಳ ಮಾತು ಮಾರ್ಗದರ್ಶಕರಿಗಿಂತ ಮೊದಲು ನನಗೆ ಅರ್ಥವಾಯಿತೆಂದು ಇಂದಿಗೂ ಹೇಳಿಕೊಳ್ಳುತ್ತೇನೆ.

ಪರೀಕ್ಷೆಗೆ ಜಾತಿ ಖಚಿತವಾಗಿ ತಿಳಿದ ಹಳೆಯ ಮರ ಬೇಕಾಗಿತ್ತು. ನಮ್ಮ ತಂದೆಯವರು ಜಪಕ್ಕೆ ಕೂರುತ್ತಿದ್ದ, ಈಗ ನಾನು ಕೂರುವ ಮಣೆಯನ್ನು ಮುಂದಿಟ್ಟೆ. ಹಲಸಿನದು ಎಂದೆ. ಅವಳು ನಮಸ್ಕರಿಸಿ, ಅಡಿಭಾಗದಿಂದ ಚೂರೇ ಚೂರು ಕೆತ್ತಿಕೊಂಡಳು.

ಕೆಲವು ವಾರಗಳ ಬಳಿಕ ಅವಳ ಮುಖ ಬಾಡಿತ್ತು. ಬೇರೆಲ್ಲ ಮಾದರಿಗಳೂ ಸರಿಹೊಂದಿದ್ದವು. ನನ್ನ ಮಣೆಯೊಂದು ಮಾತ್ರ ಹೆಬ್ಬಲಸೆಂದು ಬಂದಿತ್ತು. ನನ್ನ ಮಾತು ನಿಜವಾದರೆ ಅವಳ ಗುರುತು ಸುಳ್ಳು. ಇಷ್ಟು ವರ್ಷಗಳ ಶ್ರಮ ವ್ಯರ್ಥ.

“ಆ ಚೂರನ್ನು ಬಿಟ್ಟುಬಿಡಮ್ಮ. ಯಾರು ಕೇಳ್ತಾರೆ?” ಎಂದೆ.

“ಬಿಟ್ರೆ ಅದು ಪರೀಕ್ಷೆ ಆಗಲ್ಲ ಮಾವ. ನೀವು ಹೇಳಿದ್ದನ್ನೂ ಬರೀತೀನಿ, ಬಂದಿದ್ದನ್ನೂ ಬರೀತೀನಿ.” ಮತ್ತೆ ಕೇಳಿದಳು: “ಅದು ಹಲಸು ಅಂತ ನಿಮಗೆ ಯಾರು ಹೇಳಿದ್ರು?”

ಜಪದ ಮಣೆ ಹಲಸಿನದೇ ಆಗಿರುತ್ತದೆ ಎಂದುಕೊಂಡೇ ಬೆಳೆದಿದ್ದೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಹನುಮಂತನಗರದಲ್ಲಿರುವ ನನ್ನ ಅಕ್ಕನ ಮನೆಗೆ ಹೋದೆ. ಅಕ್ಕ ನನಗಿಂತ ಬಹಳ ಹಿರಿಯಳು. ಹೂಬತ್ತಿ ಹೊಸೆಯುತ್ತ ಕುಳಿತಿದ್ದಳು. ವಿಷಯ ಕೇಳಿ ನಕ್ಕುಬಿಟ್ಟಳು.

“ಹಲಸಿಂದೆಲ್ಲಿ ಬಂತೋ! ಆ ಹಳೇ ಹಲಸಿನ ಮಣೆ ನನ್ನ ಮದುವೆಗೆ ಮುಂಚೇನೇ ಸೀಳಿ ಹೋಯ್ತು. ಆಚಾರಿ ಹಲಸು ಸಿಗ್ಲಿಲ್ಲ ಅಂತ ಹೆಬ್ಬಲಸಲ್ಲಿ ಮಾಡ್ಕೊಟ್ಟ. ಅಪ್ಪ ಅವನ ಹತ್ರ ಮಾತು ಬಿಟ್ಟಿದ್ರು.”

“ನನಗೆ ಯಾಕೆ ಹೇಳ್ಲಿಲ್ಲ ಅಕ್ಕ?”

“ನೀನಾಗ ತೊಟ್ಟಿಲಲ್ಲಿದ್ದೆ ಕಣೋ. ದೊಡ್ಡವನಾದ್ಮೇಲೆ ವೇದ ಓದಿದೋನು ಅಂತ ನಮ್ಮನ್ನೆಲ್ಲಿ ಕೇಳ್ದೆ? ನಿನ್ನ ಸೊಸೆ ಜಾಣೆ, ಮರಾನೇ ಕೇಳಿದಾಳೆ.”

ಮನೆಗೆ ಬಂದು ತಿಳಿಸಿದಾಗ ಸೊಸೆ ಹಿಗ್ಗಿ ಕುಣಿಯಲಿಲ್ಲ. ಅಕ್ಕನ ಬಾಯಿಂದಲೇ ಕೇಳಬೇಕೆಂದು ತಾನೇ ಹನುಮಂತನಗರಕ್ಕೆ ಹೋಗಿ ಬಂದಳು.

ಅವಳ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ನಾನು ಪಂಚೆ, ಶಲ್ಯ ಧರಿಸಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪರೀಕ್ಷಕರು ಆ ಮಣೆಯನ್ನೇ ಹಿಡಿದರು.

“ಮನೆಯ ಹಿರಿಯರು ಹಲಸು ಅಂದ್ರು. ನೀವು ಒಪ್ಪಲಿಲ್ವಾ?”

“ಅವರ ಮಾತನ್ನ ಹಾಗೇ ಬರೆದಿದೀನಿ ಸಾರ್. ನಮ್ಮನೇಲಿ ಅಕ್ಷರ ಬದಲಾಯಿಸೋ ಅಭ್ಯಾಸ ಇಲ್ಲ.”

ಸಭೆ ನಕ್ಕಿತು, ಮಾರ್ಗದರ್ಶಕರೂ ನಕ್ಕರು. ಆ ಮಾತು ನನ್ನ ಗುರುಗಳ ಕಿವಿಗೆ ಬೀಳಬೇಕಾಗಿತ್ತು ಎಂದು ನನ್ನ ಕಣ್ಣು ತುಂಬಿಬಂತು. ಪಕ್ಕದಲ್ಲಿದ್ದವರು, “ನೀವು ಯಾರು ಸಾರ್?” ಎಂದು ವಿಚಾರಿಸಿದರು. “ಆಕೆಯ ಮಾವ” ಎಂದೆ. ಆಚೆ ಪಕ್ಕದವರು ಏನೂ ಕೇಳಿರಲಿಲ್ಲ, ಅವರಿಗೂ ಹೇಳಿದೆ.