ಸಿಮೆಂಟ್ ಚೀಲದ ಹೂವು

ಅಂಗಡಿಯ ಪ್ಲಾಸ್ಟಿಕ್ ತೋರಣ ತಂದು ಬಾಗಿಲಿಗೆ ಕಟ್ಟುವ ಸೋಮಾರಿಗಳೇ, ನಿಮಗೇ ಹೇಳುತ್ತಿದ್ದೇನೆ. ಇವತ್ತು ಮೊಮ್ಮಗಳು ಕಾಗದದ ಹೂವಿಗೆಂದು ಹುಣಸೆ ಬೀಜದ ಅಂಟು ಕಾಯಿಸಿದಳು. ಆ ವಾಸನೆಗೆ, ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯ ನಮ್ಮ ಅಂಗಳ ಕಣ್ಣ ಮುಂದೆ ಬಂತು.

ಅಕ್ಕನ ಮದುವೆಯ ತೋರಣಕ್ಕೆ ನಾನು ಸಿಮೆಂಟ್ ಚೀಲದ ಕಾಗದ ಕತ್ತರಿಸಿ ಹೂವು ಮಾಡಿದ್ದೆ. ಚೀಲ ಝಾಡಿಸಲು ಮರೆತಿದ್ದೆ. ಉಳಿದ ಪುಡಿ ಅಂಟಿನಲ್ಲಿ ಬೆರೆತು ಹೂವೆಲ್ಲ ಕಲ್ಲಾದವು.

"ಏನೇ ಪೋರಿ, ಹೂವ ಮಾಡೀದಿ ಏನ್ ಫರ್ಸಿ ಕಲ್ಲ ಮಾಡೀದಿ?" ಎಂದು ಸೋದರತ್ತೆ ನಕ್ಕು, ತನ್ನ ಬಣ್ಣದ ಕಾಗದದ ತೋರಣ ಕಟ್ಟಿಸಿದಳು. ನಾನು ಅತ್ತುಬಿಟ್ಟೆ.

ದಿಬ್ಬಣ ಬರುವ ಮೊದಲೇ ಮಳೆ ಬಂತು. ಅತ್ತೆಯ ತೋರಣದ ಬಣ್ಣ ಅವಳ ಸೀರೆಗೇ ಇಳಿಯಿತು. ಅವ್ವ ನನ್ನ ಹೂವು ಕಟ್ಟಿದಳು. ಒಂದು ಎಸಳೂ ಬಾಗಲಿಲ್ಲ.

"ನನ್ನ ಮಗಳ ಲಗ್ನಕ್ಕೂ ನೀನೇ ಮಾಡಬೇಕು ನೋಡವ್ವ," ಅಂದಳು ಅತ್ತೆ.

ಇವತ್ತು ಬೇಕೆಂದೇ ಅಂಟಿಗೆ ಚಿಟಿಕೆ ಸಿಮೆಂಟ್ ಹಾಕಿಸಿದೆ. ನೀವೂ ಮಾಡಿ. ಹೂವು ಗಟ್ಟಿಯಾಯಿತೋ ಇಲ್ಲವೋ, ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.